ಕರಾರು ತಿದ್ದಿದ ಹನ್ನೊಂದು ದಿನ

ಮೂವತ್ತನಾಲ್ಕು ವರ್ಷ ಕೆಂಪು ಶಾಯಿಯ ಪೆನ್ನು ಹಿಡಿದ ಕೈ ನಿವೃತ್ತಿಯ ಮರುದಿನವೇ ಸುಮ್ಮನಾಗುತ್ತದೆಂದು ನಂಬುವವರು ಶಿಕ್ಷಕರ ಮನೆಯಲ್ಲಿ ಒಂದು ವಾರವೂ ಇದ್ದು ನೋಡಿದವರಲ್ಲ. ಮದುವೆಯ ಕರೆಯೋಲೆ ಕೈಗೆ ಬಂದರೆ ನಾನು ಮುಹೂರ್ತಕ್ಕಿಂತ ಮೊದಲು ಕಾಗುಣಿತ ನೋಡುತ್ತೇನೆ; ಹೋಟೆಲಿನ ಫಲಕದಲ್ಲಿ ಒತ್ತಕ್ಷರವೊಂದು ತಪ್ಪಿ ಹೋಗಿದ್ದರೆ ತಟ್ಟೆಯಲ್ಲಿರುವ ದೋಸೆ ಆರಿ ತಣ್ಣಗಾಗುವವರೆಗೆ ಅದನ್ನೇ ದಿಟ್ಟಿಸುತ್ತ ಕುಳಿತಿರುತ್ತೇನೆ. ಮದುವೆಗೆ ಮುಂಚೆ ನಮ್ಮವರು ಬರೆದ ಮೊದಲ ಪತ್ರವನ್ನು ನಾನು ತಿದ್ದಿ ಹಿಂತಿರುಗಿಸಿದೆನೆಂಬ ಅಪವಾದವೊಂದು ಉಡುಪಿಯ ನಮ್ಮ ಬಂಧುವರ್ಗದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಅದು ಪೂರ್ತಿ ನಿಜವಲ್ಲ. ತಿದ್ದಿದ್ದು ಹೌದು, ಹಿಂತಿರುಗಿಸಲಿಲ್ಲ.

ಇಂಥವಳನ್ನು ಡೊಂಬಿವಲಿ ಪೂರ್ವದ ನಮ್ಮ ಹೌಸಿಂಗ್ ಸೊಸೈಟಿಯವರು ಹೋದ ವರ್ಷ ಸೆಕ್ರೆಟರಿಯಾಗಿ ಆರಿಸಿದರು. ಸಭೆಗೆ ನಾನು ಹತ್ತು ನಿಮಿಷ ತಡವಾಗಿ ಹೋಗಿದ್ದೆ. ಅಷ್ಟರಲ್ಲಿ ಆಯ್ಕೆ ಮುಗಿದು ಚಪ್ಪಾಳೆಯೂ ಆಗಿತ್ತು. ನಮ್ಮದು ಐದು ಮಹಡಿಯ ಹಳೆಯ ಕಟ್ಟಡ. ಹೊರಗೋಡೆಯಲ್ಲಿ ಬಿರುಕು, ಮಳೆಗಾಲದಲ್ಲಿ ಮನೆಮನೆಗೂ ಸೋರಿಕೆ. ಜೂನಿನ ಮಳೆಗೆ ಮೊದಲು ಗಿಲಾವು ಕೆತ್ತಿ ಹೊಸದಾಗಿ ಹೊಡೆಸಬೇಕೆಂದು ತೀರ್ಮಾನವಾಯಿತು. ಗುತ್ತಿಗೆ ಹಿಡಿದವನು ಬಸವರಾಜ, ವಿಜಯಪುರದ ಕಡೆಯವನು, ಕಲ್ಯಾಣದಲ್ಲಿ ಮನೆ ಮಾಡಿಕೊಂಡು ಇಪ್ಪತ್ತು ವರ್ಷಗಳಿಂದ ಈ ಸಾಲಿನ ಸೊಸೈಟಿಗಳ ಗೋಡೆ ಸರಿಪಡಿಸುತ್ತಿರುವವನು. ಅವನ ಜೊತೆ ಕರಾರುಪತ್ರ ಸಿದ್ಧಪಡಿಸುವುದು ಸೆಕ್ರೆಟರಿಯ ಕೆಲಸವೆಂದು ನಮ್ಮ ಚೇರ್ಮನ್ ಹೇಳಿದರು. ಅವರಿಗೆ ಕಳಂಬೋಲಿಯಲ್ಲಿ ಕಬ್ಬಿಣದ ಅಂಗಡಿ. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೇ ಮನೆ ಸೇರುವವರು.

ಕರಾರುಪತ್ರವೆಂದರೆ ಈಗ ಯಾರೂ ಹೊಸದಾಗಿ ಬರೆಯುವುದಿಲ್ಲ, ಗೊತ್ತಲ್ಲ? ಠಾಣೆಯ ಯಾವುದೋ ಸೊಸೈಟಿ ಎಂದೋ ಮಾಡಿಸಿದ ನಮೂನೆ ಬದಲಾಪುರದ ಇನ್ನೊಂದು ಸೊಸೈಟಿಗೆ ಹೋಗಿ, ಅಲ್ಲಿಂದ ಯಾರದೋ ಭಾವಮೈದುನನ ವಾಟ್ಸಾಪಿನಲ್ಲಿ ನನ್ನ ತನಕ ಬಂದಿತ್ತು. ಹದಿನಾಲ್ಕು ಪುಟದ ಇಂಗ್ಲಿಷು. ಖಾಲಿ ಚೌಕಗಳಲ್ಲಿ ಹೆಸರು, ವಿಳಾಸ, ತಾರೀಕು ತುಂಬಿದರೆ ಮುಗಿಯಿತು. ಆದರೆ ಚೌಕ ತುಂಬುವುದಕ್ಕಷ್ಟೇ ಮೂವತ್ತನಾಲ್ಕು ವರ್ಷದ ಶಿಕ್ಷಕಿ ಬೇಕೆ? ಐರೋಲಿಯಲ್ಲಿ ಕೆಲಸ ಮಾಡುವ ಮಗಳು ಅನನ್ಯಾ, ಒಳಗಿನ ವಾಕ್ಯಗಳನ್ನೂ ತಿದ್ದುವ ವಿಧಾನವನ್ನು ಫೋನಿನಲ್ಲೇ ಹೇಳಿಕೊಟ್ಟಳು. ನಾನು ಮೊದಲ ಪುಟದಲ್ಲಿ ಒಂದು ಪದ ಅಳಿಸಿದೆ. ಕೂಡಲೇ ಅದರ ಮೇಲೊಂದು ಕೆಂಪು ಗೆರೆ ಎಳೆದುಕೊಂಡು, ಪಕ್ಕದಲ್ಲಿ ನನ್ನ ಪದ ಕೆಂಪಗೆ ಮೂಡಿತು. ಆ ಕ್ಷಣದ ಆನಂದವನ್ನು ಏನೆಂದು ವರ್ಣಿಸಲಿ! ಸರಕಾರ ಕಸಿದುಕೊಂಡ ಪೆನ್ನನ್ನು ಕಂಪ್ಯೂಟರು ನನಗೆ ವಾಪಸು ಕೊಟ್ಟಿತ್ತು.

ಹುಟ್ಟುಗುಣ ಸುಟ್ಟರೂ ಹೋಗದು. ಹನ್ನೊಂದು ಸಾಲಿನ ಒಂದು ವಾಕ್ಯವನ್ನು ಸೀಳಿ ಮೂರು ಮಾಡಿದೆ. ಒಂದೇ ಪುಟದಲ್ಲಿ ಮೂರು ಬಗೆಯಾಗಿ ಬರೆದಿದ್ದ ಪದವನ್ನು ಏಕರೂಪಕ್ಕೆ ತಂದೆ. ಮರುದಿನ ಓದಿದಾಗ ನನ್ನ ತಿದ್ದುಪಡಿಯೇ ಸಪ್ಪೆಯೆನಿಸಿ ಅದನ್ನೂ ತಿದ್ದಿದೆ. ಪುಟಗಳು ಹಳೆಯ ಉತ್ತರಪತ್ರಿಕೆಗಳ ಹಾಗೆ ಕೆಂಪಾಗುತ್ತ ಹೋದವು. ನನ್ನ ರಕ್ತದೊತ್ತಡ ಇಳಿಯಿತು. ಅನನ್ಯಾ ಮಾತ್ರ ಫೋನಿನಲ್ಲಿ, "ಅಮ್ಮಾ, ಬಸ್ ಕರ್ ನಾ! ಎಗ್ರಿಮೆಂಟ್ ಹೈ, ನಿಬಂಧ್ ನಹೀಂ" ಎಂದು ರೇಗಿದಳು; ಸಾಕು ಮಾಡು, ಇದು ಕರಾರು, ಪ್ರಬಂಧವಲ್ಲ ಎಂದು ಅದರರ್ಥ. ನಾನು ಕನ್ನಡದಲ್ಲಿ ಬೈದೆ, ಅವಳು ಹಿಂದಿಯಲ್ಲಿ ನಕ್ಕಳು.

ಇಷ್ಟರಲ್ಲಿ ಕೆಲಸ ಆಗಲೇ ಶುರುವಾಗಿತ್ತು. ನಮ್ಮ ಕಡೆ ಪದ್ಧತಿಯೇ ಹಾಗೆ. ಒಳ್ಳೆಯ ದಿನ ನೋಡಿ, ಕಾಯಿ ಒಡೆದು, ಪೇಡಾ ಹಂಚಿ ಬಿದಿರು ಕಟ್ಟಿಬಿಡುವುದು, ಕಾಗದ ಆಮೇಲೆ ನಿಧಾನಕ್ಕೆ ಮಾಡಿಕೊಳ್ಳುವುದು. ಮದುವೆ ಮುಗಿಸಿ ಲಗ್ನಪತ್ರಿಕೆ ಅಚ್ಚು ಹಾಕಿಸಿದಂತೆ. ಕಿಟಕಿಗಳ ಗ್ರಿಲ್ಲು ಬಿಚ್ಚಿಟ್ಟಿದ್ದರು. ಬಿದಿರಿನ ಸಾರುವೆ ನಾಲ್ಕನೆಯ ಮಹಡಿಯ ನನ್ನ ಅಡುಗೆಮನೆಯ ಕಿಟಕಿಯನ್ನು ದಾಟಿ ತಾರಸಿ ಮುಟ್ಟಿತ್ತು. ಪ್ರತಿ ಸಂಜೆ ಬಸವರಾಜ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತು ಕೇಳುತ್ತಿದ್ದ.

"ಅಕ್ಕೋರ, ಅಗ್ರಿಮೆಂಟ ಆತೇನ್ರಿ?"

ಅವರ ಕಡೆ ಶಾಲೆಯ ಶಿಕ್ಷಕಿಗೆ ಅಕ್ಕೋರು ಎನ್ನುತ್ತಾರೆ. ಆ ಸಂಬೋಧನೆಗೆ ನಾನು ಮೊದಲ ದಿನವೇ ಸೋತಿದ್ದೆ. "ಒಂಬತ್ತನೆಯ ಕಲಮು ಇನ್ನೂ ಸರಿಯಾಗಿಲ್ಲ, ಬಸವರಾಜ" ಎನ್ನುತ್ತಿದ್ದೆ.

"ಅದು ಎಲ್ಲಾ ಕಡಿ ಹಂಗ ಇರತೈತ್ರಿ. ಯಾರೂ ಓದೂದಿಲ್ಲ."

ಯಾರೂ ಓದುವುದಿಲ್ಲವೆಂಬ ಮಾತನ್ನು ಶಿಕ್ಷಕಿಯ ಮುಂದೆ ಆಡಬಾರದು. ನಾನು ಇನ್ನೂ ಎರಡು ದಿನ ಹೆಚ್ಚು ತೆಗೆದುಕೊಂಡೆ. ಪಾಲಿಸಿಯದೇನೋ ಕೆಲಸವಿದೆಯೆಂದು ಅವನು ಒಮ್ಮೆ ಗೊಣಗಿದ್ದು ನೆನಪಿದೆ. ಆಗ ನಾನು ಒಂದು ಅರ್ಧವಿರಾಮದ ಚಿಂತೆಯಲ್ಲಿದ್ದೆ.

ಹನ್ನೊಂದನೆಯ ದಿನ ಮಧ್ಯಾಹ್ನ, ಕೆಳಗೆ ಸಿಮೆಂಟು ಕಲೆಸುವ ಶರಣವ್ವ ನೀರು ತುಂಬಿಕೊಳ್ಳಲು ಕೊಡ ಹಿಡಿದು ಮೇಲೆ ಬಂದಳು. ಅವಳ ಗಂಡ ಹಣಮಂತ ಮೇಲೆ ಗಿಲಾವು ಹೊಡೆಯುವವನು. ಅಡುಗೆಮನೆಯ ಮೇಜಿನ ಮೇಲೆ ತೆರೆದಿದ್ದ ಲ್ಯಾಪ್‌ಟಾಪನ್ನು ನೋಡಿ, ಅದಕ್ಕೇ ಕೇಳಿಸೀತೆಂಬಂತೆ ದನಿ ತಗ್ಗಿಸಿ ಅವಳು ಕೇಳಿದಳು.

"ಅಕ್ಕೋರ, ಆ ಕಾಗದ ಇದ ಏನ್ರಿ?"

"ಹೌದು. ಯಾಕೆ?"

"ಯಾವಾಗ ಮುಗೀತೈತ್ರಿ? ಕಾಗದಾ ಕೊಟ್ಟ ಮ್ಯಾಲ ವಿಮಾ ಮಾಡ್ತಾರಂತ. ಮುಕಾದಮರು ಅಂದ್ರು, ಅಕ್ಕೋರು ಇನ್ನಾ ಬರ್ಯಾಕತ್ಯಾರ ಅಂತ. ಇವರು ದಿನಾ ಹಂಗ ಏರ್ತಾರ್ರಿ. ನನಗ ಕೆಳಗ ನಿಂತು ನೋಡಾಕ ಆಗವಲ್ದು."

ಮುಕಾದಮರೆಂದರೆ ಬಸವರಾಜನೇ. ಅವಳ ದನಿಯಲ್ಲಿ ದೂರಿರಲಿಲ್ಲ. ಅಕ್ಕೋರು ಇಷ್ಟು ದಿನ ಬರೆಯುತ್ತಿದ್ದಾರೆಂದ ಮೇಲೆ ಅದು ದೊಡ್ಡ ಕೆಲಸವೇ ಇರಬೇಕೆಂಬ ನಂಬಿಕೆಯಿತ್ತು. ಅದಕ್ಕೇ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅವಳು ಕೊಡ ಹೊತ್ತು ಇಳಿದ ಮೇಲೆ ಬಸವರಾಜನಿಗೆ ಫೋನು ಮಾಡಿದೆ. ಸಹಿಯಾದ ಕರಾರಿನ ಪ್ರತಿ ಇಲ್ಲದೆ ವಿಮೆಯ ಏಜೆಂಟು ಕೂಲಿಗಳ ಪಾಲಿಸಿ ಮಾಡುವುದಿಲ್ಲವೆಂದೂ, ಸುರಕ್ಷೆಯ ಬೆಲ್ಟು ಏಳು ಜನಕ್ಕೆ ಎರಡೇ ಇವೆಯೆಂದೂ, ಹತ್ತು ದಿನಗಳಿಂದ ಹೇಳುತ್ತಲೇ ಇದ್ದೇನೆಂದೂ ಅವನು ಬಹಳ ಸೌಜನ್ಯದಿಂದ ತಿಳಿಸಿದ.

ಆರನೆಯ ಪುಟ ತೆರೆದೆ. ಕೆಲಸ ಆರಂಭಿಸುವ ಮೊದಲೇ ಗುತ್ತಿಗೆದಾರನು ಕಾರ್ಮಿಕರಿಗೆಲ್ಲ ವಿಮೆ ಮಾಡಿಸಿರತಕ್ಕದ್ದು ಎಂಬ ಕಲಮು ಅಲ್ಲೇ ಇತ್ತು. ಅದರ ಸುತ್ತ ನನ್ನ ಕೆಂಪು ಗೆರೆಗಳಿದ್ದವು. ಆ ವಾಕ್ಯವನ್ನು ನಾನು ಐದು ಸಲ ಓದಿದ್ದೆ, ಎರಡು ಸಲ ತಿದ್ದಿದ್ದೆ. ಕ್ರಿಯಾಪದ ನೋಡಿದ್ದೆ, ಕಾಲ ನೋಡಿದ್ದೆ, ಕಿಟಕಿಯಾಚೆ ನೋಡಿರಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ವಿವರಿಸಿ ಬರೆಯಿರಿ ಎಂದು ಮಕ್ಕಳಿಗೆ ಎಷ್ಟು ವರ್ಷ ಪ್ರಶ್ನೆ ಕೊಟ್ಟಿದ್ದೇನೋ. ನನಗೆ ನನ್ನ ಮೇಲೇ ಅಸಹ್ಯವಾಯಿತು.

ತಿದ್ದುಪಡಿಗಳನ್ನೆಲ್ಲ ಒಂದೇ ಒತ್ತಿಗೆ ಒಪ್ಪಿಕೊಂಡು, ಚೌಕಗಳನ್ನು ತುಂಬಿ, ಸಹಿಗೆಂದು ಚೇರ್ಮನ್ನರಿಗೆ ಕಳಿಸಿದೆ. ಡಿಜಿಟಲ್ ಸಹಿಗೆ ಅವರ ಮೊಬೈಲಿಗೆ ಬರುವ ಓಟಿಪಿ ಬೇಕು. ಅವರು ಗೋದಾಮಿನೊಳಗಿದ್ದರು, ಅಲ್ಲಿ ಸುತ್ತಲೂ ಕಬ್ಬಿಣ, ನೆಟ್‌ವರ್ಕು ಇಲ್ಲ. ಒಂದು ಸಲ ಸಮಯ ಮೀರಿತು. ಇನ್ನೊಮ್ಮೆ ಕಳಿಸಿದೆ. ಫೋನು ಹತ್ತಲಿಲ್ಲ. ಅಂಗಡಿಯ ಗುಮಾಸ್ತರು "ಸೇಠ್ ಆತ ಆಹೇತ, ಯೇತೀಲ" ಎಂದರು. ಒಳಗಿದ್ದಾರೆ, ಬರುತ್ತಾರೆ ಎಂಬ ಆ ಮಾತನ್ನು ನಾನು ನಾಲ್ಕು ಸಲ ಕೇಳಿದೆ.

ಆಗಲೇ ಬೆಳಕು ಬದಲಾದದ್ದು. ಮೇ ತಿಂಗಳ ಕೊನೆಯಲ್ಲಿ ಇಲ್ಲಿ ಹೀಗೊಂದು ಗಾಳಿ ಬರುತ್ತದೆ. ಮೊದಲು ಧೂಳು, ಆಮೇಲೆ ಎಲ್ಲರ ಮನೆಯ ಬಾಗಿಲು ಒಟ್ಟಿಗೆ ಬಡಿಯುವ ಸದ್ದು. ಸಾರುವೆಗೆ ಹೊದಿಸಿದ ಹಸಿರು ಬಲೆ ಉಬ್ಬಿ ಬಿದಿರುಗಳನ್ನು ಎಳೆಯತೊಡಗಿತು. ಕಟ್ಟಿದ ಹಗ್ಗಗಳು ಕಿರುಗುಟ್ಟಿದವು. ನನ್ನ ಕಿಟಕಿಯಿಂದ ಎರಡು ಮಾರು ಆಚೆ, ಬೆಲ್ಟಿಲ್ಲದ ಹಣಮಂತ ಒಂದು ಕೈಯಲ್ಲಿ ಬಿದಿರು ಹಿಡಿದು, ಇನ್ನೊಂದು ಕೈಯಲ್ಲಿ ಗಿಲಾವು ಸವರುವ ಕರಣೆ ಹಿಡಿದು ಗೋಡೆಗೆ ಆತುಕೊಂಡಿದ್ದ.

"ಹಣಮಂತ, ಒಳಗೆ ಬಾ!"

"ಇಷ್ಟು ಮುಗಿಸಿ ಬರ್ತೀನ್ರಿ. ಹಸಿ ಗಿಲಾಯಿ ಐತಿ, ಬಿಟ್ರ ಬಿರೀತೈತಿ."

"ಬಿರಿಯಲಿ ಮಾರಾಯ!"

"ಮುಕಾದಮರು ಬೈತಾರ್ರಿ."

ಹಿಂದಿನ ಬೆಂಚಿನ ಹುಡುಗರಿಗೂ ಮೈ ನಡುಗಿಸುತ್ತಿದ್ದ ದನಿಯೊಂದು ನನ್ನಲ್ಲಿತ್ತು. ನಿವೃತ್ತಿಯ ನಂತರ ಅದನ್ನು ಬಳಸಿರಲಿಲ್ಲ. "ಒಳಗೆ ಬಾ ಎಂದೆ! ಈಗಲೇ! ಒಂದು ಮಾತೂ ಬೇಡ!" ಎಂದು ಕೂಗಿದೆ. ಅವನು ಬೆಚ್ಚಿ, ಅಡ್ಡ ಬಿದಿರಿನ ಮೇಲೆ ಕಾಲು ಜಾರಿಸುತ್ತ ಕಿಟಕಿಯತ್ತ ಸರಿದ. ಮಧ್ಯದಲ್ಲೊಂದು ಕಡೆ ಗಾಳಿ ಅವನ ಅಂಗಿಯನ್ನು ಮುಖಕ್ಕೆ ಎತ್ತಿಹಾಕಿತು. ನಾನು ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಅವನ ರಟ್ಟೆ ಹಿಡಿದೆ. ಅವನೂ ಕಿಟಕಿಯ ಕಟ್ಟೆ ಹಿಡಿದ. ಹಿಡಿಯಲು ಕೈ ಬಿಡಿಸಿದಾಗ ಕರಣೆ ಜಾರಿತು.

ಅದು ಬೀಳುವುದನ್ನು ನಾವಿಬ್ಬರೂ ನೋಡಿದೆವು. ಕೆಳಗೆ ಶರಣವ್ವ ಸಿಮೆಂಟಿನ ಚೀಲಗಳ ಮೇಲೆ ತಾಡಪಾಲು ಎಳೆಯುತ್ತಿದ್ದಳು. ಹಣಮಂತ ಅವಳ ಹೆಸರು ಕೂಗಿದ. ಗಾಳಿಯಲ್ಲಿ ಅದು ಅವಳಿಗೆ ಮುಟ್ಟಲಿಲ್ಲ. ಕರಣೆ ಅವಳ ಹೆಗಲಿನಿಂದ ಒಂದು ಗೇಣು ಆಚೆ ಮರಳಿನಲ್ಲಿ ಹಿಡಿಯವರೆಗೂ ನೆಟ್ಟುಕೊಂಡಿತು. ಅವಳು ಅದನ್ನು ನೋಡಿದಳು, ತಲೆಯೆತ್ತಿ ನಮ್ಮನ್ನು ನೋಡಿದಳು, ಆಮೇಲೆ ಮರಳಿನ ಮೇಲೇ ಕುಳಿತುಬಿಟ್ಟಳು.

ಹತ್ತು ನಿಮಿಷದೊಳಗೆ ನನ್ನ ಅಡುಗೆಮನೆಯಲ್ಲಿ ಹಣಮಂತ, ಮೇಲೇರಿ ಬಂದ ಶರಣವ್ವ, ಸುದ್ದಿ ತಿಳಿದು ಓಡಿ ಬಂದ ಬಸವರಾಜ, ಮೂವರೂ ಇದ್ದರು. ಉಳಿದವರನ್ನೂ ಕೆಳಗಿಳಿಸಲು ಹೇಳಿಯಾಗಿತ್ತು. ನಾನು ಚಹಾಕ್ಕೆ ನೀರಿಟ್ಟೆ. ಸಕ್ಕರೆಯ ಡಬ್ಬಿಯ ಮುಚ್ಚಳವನ್ನು ಶರಣವ್ವನೇ ತೆಗೆದುಕೊಟ್ಟಳು. ಹಣಮಂತ ಸಿಮೆಂಟು ಮೆತ್ತಿದ ಕಾಲನ್ನು ಒಳಗೆಳೆದುಕೊಂಡು ನೆಲದ ಮೇಲೆ ಕುಳಿತು ತೆರೆದಿದ್ದ ಲ್ಯಾಪ್‌ಟಾಪನ್ನು ನೋಡುತ್ತಿದ್ದ.

"ಅಕ್ಕೋರ, ಇದರಾಗ ನಾ ಎಲ್ಲಿ ಅದೀನ್ರಿ?"

ಹುಡುಕುವ ಚೌಕದಲ್ಲಿ ಅವನ ಹೆಸರು ಬರೆದೆ. ಇಲ್ಲವೆಂದು ಬಂತು. ಹದಿನಾಲ್ಕು ಪುಟದಲ್ಲಿ ಸೊಸೈಟಿಯ ಹೆಸರಿತ್ತು, ಚೇರ್ಮನ್ನರದ್ದಿತ್ತು, ಬಸವರಾಜನದ್ದು, ನನ್ನದು, ಸಿಮೆಂಟು ಕಂಪನಿಯದ್ದು ಕೂಡ ಇತ್ತು. ಇವನು 'ಕಾರ್ಮಿಕರು' ಎಂಬ ಒಂದು ಪದದೊಳಗೆಲ್ಲೋ ಇದ್ದ. ಆ ಪದದಲ್ಲಿ ಕಾಗುಣಿತದ ತಪ್ಪಿರಲಿಲ್ಲವಾದ್ದರಿಂದ ನನ್ನ ಕಣ್ಣು ಅಲ್ಲಿ ನಿಂತಿರಲಿಲ್ಲ.

ಕೊನೆಗೊಂದು ಪುಟ ಸೇರಿಸಿದೆ. ಬಸವರಾಜ ಹೇಳುತ್ತ ಹೋದ, ನಾನು ಬರೆಯುತ್ತ ಹೋದೆ. ಏಳು ಹೆಸರಾಯಿತು.

"ನಂದು ಬರೀಲಿಲ್ಲೇನ್ರಿ?" ಎಂದಳು ಶರಣವ್ವ.

"ನೀ ಮ್ಯಾಲ ಏರೂದಿಲ್ಲಲ್ಲ ಬೇ" ಎಂದ ಬಸವರಾಜ. ನನ್ನತ್ತ ತಿರುಗಿ, "ಏರವರದ್ದಷ್ಟ ಸಾಕ್ರಿ ಅಕ್ಕೋರ, ಹೆಣ್ಮಕ್ಕಳು ಕೆಳಗ ಇರ್ತಾರ" ಎಂದ.

"ಮೇಲಿಂದ ಬಿದ್ದದ್ದು ಎಲ್ಲಿಗೆ ಹೋಯಿತು, ಬಸವರಾಜ?"

ಅವನು ಕಿಟಕಿಗೆ ಹೋಗಿ ಕೆಳಗಿನ ಮರಳಿನತ್ತ ಬಗ್ಗಿ ನೋಡಿದ. ಆಮೇಲೆ "ಬರೀರಿ" ಎಂದ. ಕೆಳಗೆ ಕೆಲಸ ಮಾಡುವ ಹೆಂಗಸರು ಮೂವರು. ಒಟ್ಟು ಹತ್ತಾಯಿತು. ಆ ಪುಟ ಸೇರಿದ ಕರಾರನ್ನು ಸಹಿಗೆ ಮತ್ತೆ ಕಳಿಸಿದೆ.

ಚೇರ್ಮನ್ನರು ಗೋದಾಮಿನಿಂದ ಹೊರಬಂದು ಸಹಿ ಮಾಡಿದಾಗ ಸಂಜೆಯಾಗಿತ್ತು. ಪಾಲಿಸಿ ಬರಲು ಎರಡು ದಿನ ಬೇಕೆಂದ ವಿಮೆಯ ಏಜೆಂಟು. ಪಾಲಿಸಿಯೂ ಏಳು ಬೆಲ್ಟೂ ಬರುವ ತನಕ ಯಾರೂ ಏರಕೂಡದೆಂದು ನಾನು ಹಟ ಹಿಡಿದೆ. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ನನಗೆ ಮರಾಠಿ, ಹಿಂದಿ, ಗುಜರಾತಿ, ಕನ್ನಡಗಳಲ್ಲಿ ಮಂಗಳಾರತಿಯಾಯಿತು. ಆ ಎರಡು ದಿನದಲ್ಲೇ ಒಂದು ಮಳೆ ಬಿತ್ತು, ಅರ್ಧಕ್ಕೆ ಬಿಟ್ಟ ಗಿಲಾವಿನಿಂದ ನೀರು ಇಳಿಯಿತು, ಇಳಿದದ್ದು ನನ್ನದೇ ಅಡುಗೆಮನೆಗೆ. ಕರಾರನ್ನು ಆಮೇಲೊಮ್ಮೆ ಓದಿದೆ. ಹತ್ತನೆಯ ಪುಟದಲ್ಲಿ ಒಂದು ವಾಕ್ಯಕ್ಕೆ ಕರ್ತೃವೇ ಇಲ್ಲ. ಇರಲಿ, ಬಿಟ್ಟಿದ್ದೇನೆ.

ಮೂರನೆಯ ದಿನ ಬೆಳಿಗ್ಗೆ, ಪಾಲಿಸಿಯೂ ಬೆಲ್ಟುಗಳೂ ಬಂದ ಮೇಲೆ, ಆ ಕೊನೆಯ ಪುಟದ ಅಚ್ಚುಪ್ರತಿ ಹಿಡಿದು ಕೆಳಗಿಳಿದೆ. ಪಾಠಕ್ಕೆ ಮೊದಲು ಹಾಜರಿ ಕರೆಯಬೇಕೆಂಬುದು ನಾನು ಕಲಿತ ಮೊದಲ ಪಾಠ. ಈ ತರಗತಿಯಲ್ಲಿ ಹಾಜರಿಯಿಲ್ಲದೆಯೇ ಹನ್ನೊಂದು ದಿನ ತಿದ್ದುತ್ತ ಕುಳಿತಿದ್ದೆ. ಹತ್ತೂ ಜನ ಮರಳಿನ ರಾಶಿಯ ಮುಂದೆ ನಿಂತಿದ್ದರು, ಕೆಲವರಿಗೆ ನಗು, ಕೆಲವರಿಗೆ ಸಂಕೋಚ. ಒಂದೊಂದೇ ಹೆಸರು ಕರೆದೆ.

"ಹಣಮಂತ."

"ಅದೀನ್ರಿ."

"ಶರಣವ್ವ."

"ಅದೀನ್ರಿ, ಅಕ್ಕೋರ."