ಅಪ್ಪ ನನ್ನ ಜಟಕಾ ಹತ್ತಿದ ದಿನ

ನಮ್ಮ ಕೊಳ್ಳೇಗಾಲಕ್ಕೆ ಸಮುದ್ರವಿಲ್ಲ. ಇಲ್ಲದಿದ್ದರೇನಂತೆ, ಸತ್ತೇಗಾಲದ ಆಚೆ ಕಾವೇರಿ ಧುಮುಕುವುದನ್ನು ನೋಡಲು ಬರುವವರಿಗೆ ಬರವಿರಲಿಲ್ಲ. ಅರವತ್ತರ ದಶಕದಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಪರಸ್ಥಳದವರ ಮುಖ ನೋಡಿಯೇ ಇವರು ಎಲ್ಲಿಗೆ ಹೊರಟವರು ಅಂತ ಹೇಳಿಬಿಡುತ್ತಿದ್ದೆ. ತಲೆಯ ಮೇಲೆ ಗಂಟು, ಹಣೆಯಲ್ಲಿ ವಿಭೂತಿ ಇದ್ದರೆ ಮಾದಪ್ಪನ ಬೆಟ್ಟ. ಅವರನ್ನು ಹನೂರಿನ ಬಸ್ಸಿಗೆ ಹತ್ತಿಸುತ್ತಿದ್ದೆ. ನಾಮ ಹಾಕಿದವರಿಗೆ ಯಳಂದೂರಿನ ಬಸ್ಸು ತೋರಿಸಿದರೆ ಸಾಕು, ರಂಗಪ್ಪನ ಬೆಟ್ಟದ ದಾರಿ ಅಲ್ಲಿಂದ ತಾನಾಗಿ ಸಿಗುತ್ತಿತ್ತು. ಬಗಲಲ್ಲಿ ಕ್ಯಾಮೆರಾ, ಕೈಯಲ್ಲಿ ಫ್ಲಾಸ್ಕು ಇದ್ದವರು ಮಾತ್ರ ಭರಚುಕ್ಕಿಯವರು. ಬಸ್ಸು ಬರುವ ಹೊತ್ತಾಗಿದ್ದರೆ ಬಸ್ಸಿಗೇ ಹೋಗಿ ಅನ್ನುತ್ತಿದ್ದೆ. ಇಲ್ಲದಿದ್ದರೆ ನನ್ನ ಜಟಕಾ ಇತ್ತಲ್ಲ.

ಮಿಕ್ಕ ಜಟಕಾದವರು ಬಯ್ಯುತ್ತಿದ್ದರು. "ತನ್ನ ಹೊಟ್ಟೆ ಮ್ಯಾಲೆ ತಾನೇ ಕಲ್ಲಾಕಳ್ತಾನೆ ಕಣ್ಲಾ ಇವ್ನು." ಬಯ್ದುಕೊಳ್ಳಲಿ. ಮುಂದಿನ ಸಲ ಬಂದಾಗ ಅದೇ ಜನ ಸ್ಟ್ಯಾಂಡಿನಲ್ಲಿ ನನ್ನನ್ನೇ ಹುಡುಕುತ್ತಿದ್ದರು. ಕನ್ನಡ, ತಮಿಳು ಎರಡರಲ್ಲೂ ದಾರಿ ಹೇಳುತ್ತಿದ್ದೆ, ಒಬ್ಬರಿಗೂ ತಪ್ಪು ಹೇಳಿದವನಲ್ಲ. ಜಂಬ ಅಂದುಕೊಂಡರೆ ಅಂದುಕೊಳ್ಳಿ, ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ.

ಊರಿಗೆಲ್ಲ ಬೇಕಾದವನಿಗೆ ಮನೆಯಲ್ಲಿ ಮಾತ್ರ ಕವಡೆ ಕಿಮ್ಮತ್ತಿರಲಿಲ್ಲ. ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಅಪ್ಪನ ಮಗ್ಗದ ಸೀರೆ ಉಟ್ಟು ಎಷ್ಟು ಹೆಣ್ಣುಮಕ್ಕಳು ಹಸೆಮಣೆ ಏರಿದ್ದರೋ. ನನಗೆ ಮಾತ್ರ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಮಧ್ಯಾಹ್ನದೊಳಗೆ ಉಸಿರು ಕಟ್ಟುತ್ತಿತ್ತು. ನಾನು ಕುದುರೆ ಹಿಡಿದುಕೊಂಡು ಬಂದ ದಿನ ಅಪ್ಪ ಒಂದೇ ಮಾತು ಕೇಳಿದ್ದ. "ರೇಸ್ಮೆ ಮುಟ್ಟೋ ಕೈಲಿ ಲದ್ದಿ ಬಾಚ್ತೀಯೇನ್ಲಾ?"

ಅಂದಿನಿಂದ ಎಂಟು ವರ್ಷ ಅವನು ನನ್ನ ಗಾಡಿಗೆ ಕಾಲಿಡಲಿಲ್ಲ. ಸುಡುಬಿಸಿಲಲ್ಲಿ ಸೀರೆ ಗಂಟು ಹೊತ್ತು ನಡೆಯುತ್ತಿದ್ದ. ನಾನು ಪಕ್ಕದಲ್ಲೇ ಗಾಡಿ ನಿಧಾನ ಮಾಡಿ "ಬಾಪ್ಪೋ, ಹತ್ತು" ಅಂದರೆ ಮುಖ ಆ ಕಡೆ ತಿರುಗಿಸುತ್ತಿದ್ದ. ನಾನು ಕುದುರೆ ಓಡಿಸಿಕೊಂಡು ಮುಂದೆ ಹೋಗಿಬಿಡುತ್ತಿದ್ದೆ.

ಹಾಗಿರುವಾಗ ಸೇಲಂ ಕಡೆಯ ತಾಯಿ ಮಗಳು ಅಪ್ಪನಿಗೆ ಹೇಳಿ ನೇಯಿಸಿದ್ದ ಮದುವೆ ಸೀರೆ ತೆಗೆದುಕೊಂಡು ಹೋಗಲು ಒಂದು ದಿನ ಬೆಳಿಗ್ಗೆ ಬಂದಿಳಿದರು. ನಾನೇ ಗಾಡಿಯಲ್ಲಿ ಮನೆಗೆ ಕರೆತಂದೆ. ಸೆರಗು ಇನ್ನೂ ಮಗ್ಗದ ಮೇಲಿತ್ತು, ಮಧ್ಯಾಹ್ನದವರೆಗಿನ ಕೆಲಸ. ತಾಯಿಗೆ ಅಳುವೇ ಬಂತು. ಮೂರು ಗಂಟೆಗೆ, ಭರಚುಕ್ಕಿಗೆ ದಾರಿ ಕವಲೊಡೆಯುವ ಸತ್ತೇಗಾಲದ ಹ್ಯಾಂಡ್‌ಪೋಸ್ಟಿಗೆ ನೆಂಟರ ಕಾರು ಬರುವುದಿತ್ತು, ಮದುವೆ ಮಾರನೆಯ ದಿನ. ಸೀರೆಗಾಗಿ ಕಾದು ಕೂತು ಬಸ್ಸು ತಪ್ಪಿದರೆ ಕಾರೂ ಕೈತಪ್ಪುತ್ತಿತ್ತು. ನಾನು ತಡೆಯಲಾರದೆ ಬಾಯಿ ಹಾಕಿದೆ. "ಅಮ್ಮಾ, ನೀವು ಈಗಿನ ಬಸ್ಸಿಗೆ ಹೋಗಿ ಚುಕ್ಕಿ ನೋಡಿಕೊಳ್ಳಿ. ಮೂರು ಗಂಟೆಯೊಳಗೆ ಸೀರೆ ಹ್ಯಾಂಡ್‌ಪೋಸ್ಟಿಗೆ ಬಂದಿರುತ್ತೆ" ಅಂತ ತಮಿಳಿನಲ್ಲಿ ಹೇಳಿ ಅವರನ್ನು ಬಸ್ಸು ಹತ್ತಿಸಿಬಿಟ್ಟೆ.

ಅಪ್ಪ ಕೆರಳಿದ. "ನನ್ನ ಮಾತ ನೀ ಯಾಕ್ಲಾ ಕೊಟ್ಟೆ?" ಆದರೂ ಕೊಟ್ಟ ಮಾತು ಮನೆಯದು. ಊಟಕ್ಕೂ ಏಳದೆ ನೇಯ್ದ. ಸೀರೆ ಮಗ್ಗದಿಂದ ಇಳಿಸಿ, ಮಡಿಸಿ, ಬಿಳಿ ಪಂಚೆಯಲ್ಲಿ ಸುತ್ತಿಕೊಂಡು ಒಂದು ಗಂಟೆಯ ಬಸ್ಸಿಗೆ ಸ್ಟ್ಯಾಂಡಿಗೆ ಬಂದ.

ಬಸ್ಸು ಬರಲಿಲ್ಲ. ಒಂದೂವರೆಯಾಯಿತು. ದಾರಿಯಲ್ಲೆಲ್ಲೋ ಕೆಟ್ಟು ನಿಂತಿದೆಯಂತೆ ಅಂತ ಯಾರೋ ಅಂದರು. ಅಪ್ಪ ಗಂಟನ್ನು ಎದೆಗವಚಿಕೊಂಡು ರಸ್ತೆಯನ್ನೇ ನೋಡುತ್ತ ನಿಂತಿದ್ದ. ತಲೆತಲಾಂತರದಿಂದ ಹೇಳಿದ ಹೊತ್ತಿಗೆ ಸೀರೆ ಕೊಟ್ಟ ಮನೆ ನಮ್ಮದು. ಅದು ತಪ್ಪಿದರೆ ನನ್ನ ನಾಲಿಗೆಯಿಂದ ತಪ್ಪಿದಂತೆ. ಗಾಡಿಯನ್ನು ತಂದು ಅವನ ಮುಂದೆಯೇ ನಿಲ್ಲಿಸಿದೆ, ಬಾ ಅನ್ನಲಿಲ್ಲ. ಅಪ್ಪ ಕುದುರೆಯನ್ನು ನೋಡಿದ, ಗಂಟನ್ನು ನೋಡಿದ, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಹತ್ತಿದ. ಗುಡಿಯೊಳಗೆ ಹೋಗುವವನ ಹಾಗೆ!

ಊರು ದಾಟಿದ ಮೇಲೆ ಒಂದು ಏರು ಸಿಕ್ಕಿತು. ಜಟಕಾ ಅಂದರೆ ಎರಡೇ ಗಾಲಿ. ಏರಿನಲ್ಲಿ ಕೂತವರು ಮುಂದಕ್ಕೆ ಸರಿಯದಿದ್ದರೆ ಕುದುರೆಗೆ ಕಟ್ಟಿದ ಮೂಕಿಮರ ಮೇಲೆದ್ದು ಕುದುರೆಯನ್ನೇ ಎತ್ತಿಬಿಡುತ್ತದೆ. ಇಳಿಜಾರಿನಲ್ಲಿ ಹಿಂದಕ್ಕೆ ಸರಿಯದಿದ್ದರೆ ಭಾರವೆಲ್ಲ ಅದರ ಬೆನ್ನಿಗೆ. ದಿನಕ್ಕೆ ನೂರು ಸಲ ಹೇಳುವ ಮಾತು ಅದು. ಅವತ್ತು ಅಪ್ಪನಿಗೆ ಹೇಳಲು ಬಾಯಿ ಬರಲಿಲ್ಲ. ತಿರುಗಿ ನೋಡಿದರೆ ಅವನು ಆಗಲೇ ಗಂಟಿನ ಸಮೇತ ನನ್ನ ಬೆನ್ನಿಗೆ ತಾಗುವಂತೆ ಬಂದು ಕೂತಿದ್ದ. ಇಳಿಜಾರು ಬರುವ ಮೊದಲೇ ಹಿಂದಕ್ಕೆ ಸರಿದ.

"ಇದ ಯಾರ್ ಯೋಳ್ಕೊಟ್ರಪ್ಪಾ?" ಅಂದೆ.

"ಎಂಟು ವರ್ಸದಿಂದ ನೋಡ್ತಿಲ್ವೇನ್ಲಾ ನಾನು? ರಸ್ತೆ ನೋಡ್ಕಂಡು ಒಡಿ."

ಕಣ್ಣು ಮಂಜಾಯಿತು, ರಸ್ತೆ ಹೇಗೆ ನೋಡಲಿ? ದಾರಿ ಗೊತ್ತಿದ್ದದ್ದು ಕುದುರೆಗೆ, ಅದೇ ಎಳೆದುಕೊಂಡು ಹೋಯಿತು.

ಹ್ಯಾಂಡ್‌ಪೋಸ್ಟು ಮುಟ್ಟಿದಾಗ ಕಾರು ಆಗಲೇ ಬಂದಿತ್ತು. ತಾಯಿ ಮಗಳು ಹತ್ತಿ ಕೂತಿರಲಿಲ್ಲ, ನೆಂಟರು ಅವಸರ ಮಾಡುತ್ತಿದ್ದರೂ ರಸ್ತೆಯ ಅಂಚಿನಲ್ಲೇ ನಿಂತಿದ್ದರು. ಅಪ್ಪ ಸೀರೆ ಬಿಚ್ಚಿ ಸೆರಗು ತೋರಿಸಿದ. ಹುಡುಗಿ ಅದನ್ನು ಕೆನ್ನೆಗೊತ್ತಿಕೊಂಡಳು. ಕಾರು ಕಣ್ಮರೆಯಾಗುವವರೆಗೂ ಅಪ್ಪ ಅಲ್ಲಾಡಲಿಲ್ಲ.

ಕುದುರೆಗೆ ನೀರು ಕುಡಿಸಿ ಬರುವಷ್ಟರಲ್ಲಿ ಗಾಡಿಯ ಹತ್ತಿರ ಮಾತು ಕೇಳಿಸಿತು. ಚುಕ್ಕಿ ನೋಡಿಕೊಂಡು ಬಂದ ನಾಲ್ವರು ಕೊಳ್ಳೇಗಾಲಕ್ಕೆ ಬಸ್ಸಿಲ್ಲದೆ ಪರದಾಡುತ್ತಿದ್ದರು. ಅಪ್ಪ ಅವರನ್ನು ಒಬ್ಬೊಬ್ಬರಾಗಿ ಗಾಡಿಗೆ ಹತ್ತಿಸುತ್ತಿದ್ದ. "ನೀವು ದಪ್ಪ ಅವ್ರಿ, ಮುಂದಕ್ ಬನ್ನಿ. ಏ ತಾಯಿ, ನೀನು ಇಂದುಕ್ ಸರ್ಕೊ, ಕುದ್ರೆಗೆ ಬಾರ ಆಯ್ತದೆ."

ಅವರಲ್ಲೊಬ್ಬರಿಗೆ ಅನುಮಾನ. "ಯಜಮಾನ್ರೇ, ನೀವು ಕೂರಿಸ್ತಿದ್ದೀರಿ, ಗಾಡಿಯವನು ಒಪ್ಪಬೇಡವೇ? ಗಾಡಿ ಯಾರದು?"

ಅಪ್ಪ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಗಾಡಿಯೊಳಗಿನ ಹುಲ್ಲಿನ ಮೇಲೆ ಹಾಸಿದ್ದ ಚಾಪೆ ಸರಿಮಾಡುತ್ತಲೇ ಹೇಳಿದ.

"ನಮ್ದೇ ಕಣ್ರಿ. ಕೂತ್ಕಳಿ."