ಹಸಿರು ರವಿಕೆಯ ಕೆಂಪು ಪಟ್ಟಿ

ಜಯನಗರದ ನಮ್ಮ ಬೀದಿಯಲ್ಲಿ ರವಿಕೆ ಹೊಲಿಯುತ್ತಿದ್ದ ಆಂಟಿ ಅಳತೆ ಟೇಪನ್ನು ಕೊರಳಿನಿಂದ ತೆಗೆದದ್ದನ್ನು ನಾನು ಕಂಡಿಲ್ಲ. ಯಾರಿಗೆ ರವಿಕೆ ಕೊಟ್ಟರೂ ಅವರದು ಒಂದೇ ಮಾತು: "ಒಳಗಡೆ ಬಟ್ಟೆ ಬಿಟ್ಟಿದೀನಿ. ಬಿಗಿಯಾದ್ರೆ ಬಿಚ್ಕೊಬೋದು."

ಒಂದು ವರ್ಷ ಅವರ ಮೈಮೇಲೆ, ಬಾಯೊಳಗೆ ಗುಳ್ಳೆಗಳೆದ್ದು ಒಡೆಯತೊಡಗಿದವು. ದೇಹ ತನ್ನ ಚರ್ಮದ ಮೇಲೆಯೇ ತಿರುಗಿಬೀಳುವ ಕಾಯಿಲೆಯಂತೆ. ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಮೂರು ದಿನ ಸ್ಟೀರಾಯ್ಡ್ ಡ್ರಿಪ್ ಹಾಕಿಸಿಕೊಂಡು, ನಾಲ್ಕನೆಯ ದಿನ ಹೊಲಿಗೆ ಮೆಷಿನ್ ಮುಂದೆ ಕೂರುತ್ತಿದ್ದರು. ಗುಳ್ಳೆಗಳು ಒಣಗಿದವು. ಆದರೆ ನಿದ್ದೆ ಹೋಯಿತು, ಶುಗರ್ ಏರಿತು, ಮುಖ ಊದಿ ಗುಂಡಗಾಯಿತು.

ಇದೊಂದೂ ಗೊತ್ತಿಲ್ಲದ ನಾನು, "ಮೈಕೈ ತುಂಬ್ಕೊಂಡು ಚೆನ್ನಾಗ್ ಕಾಣ್ತಿದೀರಾ ಆಂಟಿ" ಅಂದುಬಿಟ್ಟೆ.

"ಊಟದ್ದಲ್ಲ ಮೇಡಂ, ಡ್ರಿಪ್ಪಿಂದು," ಎಂದರು, ಹಲ್ಲಿನಿಂದ ದಾರ ಕಡಿಯುತ್ತ.

ಪಕ್ಕದಲ್ಲಿದ್ದ ಹೆಂಗಸು, ಅಂಥ ಔಷಧಿ ಬಿಟ್ಟುಬಿಡಿ ಎಂದು ಉಪದೇಶ ಶುರುಮಾಡಿದಳು. ಆಂಟಿ ತಮ್ಮದೇ ಹಸಿರು ರವಿಕೆಯನ್ನು ತಿರುವಿ ಅವಳ ಮುಂದೆ ಹಿಡಿದರು. ಬಿಚ್ಚಿ ಬಿಚ್ಚಿ ಒಳಗಿನ ಬಟ್ಟೆಯೆಲ್ಲ ಮುಗಿದಿತ್ತು.

"ಡ್ರಿಪ್ ಬಿಟ್ರೆ ಚರ್ಮ ಕಿತ್ಕೊಂಡ್ ಬರತ್ತೆ. ಮೈ ದಪ್ಪ ಆದ್ರೆ ರವಿಕೆಗೆ ಬಟ್ಟೆ ಸೇರಿಸಿದ್ರಾಯ್ತು!"

"ಅದೇ ಬಣ್ಣದ್ದು ಸೇರಿಸಿ, ಕಾಣಲ್ಲ," ಅಂದೆ ನಾನು.

ಅವರು ನನ್ನನ್ನೊಮ್ಮೆ ನೋಡಿ, ಚೂರುಗಳ ಚೀಲದಿಂದ ಕಡುಗೆಂಪು ಬಟ್ಟೆಯನ್ನೇ ಆರಿಸಿ ಎಳೆದರು.

ಮರುದಿನ ಹೋದಾಗ ಅದೇ ರವಿಕೆ ತೊಟ್ಟಿದ್ದರು; ಎರಡೂ ಕಂಕುಳ ಕೆಳಗೆ ಕೆಂಪು ಪಟ್ಟಿ. ಬೀದಿಗೆ ಮುಖಮಾಡಿ ನಿಂತು, ಎರಡೂ ತೋಳು ಮೇಲೆತ್ತಿ, ಹೊಲಿದ ರವಿಕೆಗಳನ್ನು ಬಾಗಿಲ ತಂತಿಗೆ ನಿಧಾನವಾಗಿ ಒಂದೊಂದಾಗಿ ನೇತುಹಾಕುತ್ತಿದ್ದರು.