ಕೊತ್ತಿಗೆ ಬಂದ ಸಕ್ಕರೆ ಕಾಯಿಲೆ

ಮೊದಲು ಗೊತ್ತಾಗಿದ್ದು ಇರುವೆಗಳಿಗೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು, ನಾವು ಮಧುಗಿರಿಯಲ್ಲಿದ್ದೆವು. ಹಿತ್ತಿಲಿನ ಬಚ್ಚಲ ಪಕ್ಕದಲ್ಲಿ, ಮನೆ ರಿಪೇರಿಗೆ ತರಿಸಿ ಉಳಿದ ಮರಳಿನ ಗುಡ್ಡೆಯೊಂದಿತ್ತು. ನಮ್ಮ ಬೆಕ್ಕು, ನಮ್ಮ ಕಡೆಯ ಮಾತಲ್ಲಿ ಕೊತ್ತಿ, ತನ್ನ ಕೆಲಸಕ್ಕೆ ಹೋಗುತ್ತಿದ್ದುದು ಅಲ್ಲಿಗೇ. ಒಂದು ಬೆಳಿಗ್ಗೆ ಪಾತ್ರೆ ತೊಳೆಯಲು ಕೂತು ನೋಡಿದರೆ, ಅದು ಕೆದರಿ ಮುಚ್ಚಿದ ಜಾಗಕ್ಕೆ ಗೋಡೆಯಿಂದ ಇರುವೆ ಸಾಲು ಹಿಡಿದಿತ್ತು.

ಅತ್ತೆಯನ್ನು ಕೂಗಿದೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿ ನೋಡಿದರು. ಏನೂ ವಿವರಿಸಬೇಕಾಗಲಿಲ್ಲ. ಅವರ ಸಕ್ಕರೆ ಕಾಯಿಲೆ ಪತ್ತೆಯಾಗಿದ್ದೂ ಹೀಗೆಯೇ, ಬಚ್ಚಲಿಗೆ ಇರುವೆ ಬಂದಾಗ.

"ಅದಕ್ಕೇ ಕಣೇ ಇದು ಹಂಡೆ ಹತ್ರಾನೇ ಬಿಡಾರ ಹೂಡಿರೋದು. ಎಷ್ಟು ನೀರು ಕುಡಿದ್ರೂ ಸಾಲ್ದು. ಬೆನ್ನು ಸವರಿ ನೋಡು, ಬರೀ ಮೂಳೆ," ಅಂದರು. ಆಮೇಲೆ ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು.

ಅದು ಅವರ ಕೊತ್ತಿ. ಮಾವ ತೀರಿಕೊಂಡ ವರ್ಷ ಹೆಂಚಿನ ಮೇಲಿಂದ ಇಳಿದು ಬಂದ ಮರಿ. ಅತ್ತೆ ಲಿಂಗಪೂಜೆಗೆ ಕೂತರೆ ಪಕ್ಕದಲ್ಲಿ ಮುದುರಿ ಕೂರುತ್ತಿತ್ತು. ಪೂಜೆ ಮುಗಿದ ಮೇಲೆ ಬೆರಳಿಗೆ ಉಳಿದ ವಿಭೂತಿಯನ್ನು ಅವರು ಅದರ ಹಣೆಗೂ ಒರೆಸುತ್ತಿದ್ದರು. ಹಾಲನ್ನ ತಿಂದು ಇಲಿ ಹಿಡಿಯುವುದನ್ನೇ ಮರೆತಿದ್ದ ಅದನ್ನು ತೋರಿಸಿ, "ನಮ್ಮ ಕೊತ್ತಿ ಶಿವಭಕ್ತ, ಮಾಂಸ ಮೂಸಲ್ಲ," ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು.

ಮನೆಯಲ್ಲಿ ಅತ್ತೆಯ ಮೂತ್ರ ಪರೀಕ್ಷೆಯ ಸಾಮಾನು ಇತ್ತು: ಒಂದು ಗಾಜಿನ ನಳಿಕೆ, ಒಂದು ಸ್ಪಿರಿಟ್ ದೀಪ, ನೀಲಿ ದ್ರಾವಣದ ಸೀಸೆ. ಕಾಯಿಸಿದಾಗ ನೀಲಿ ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕೆಂಪು ಎಂದು ತಿರುಗಿದಷ್ಟೂ ಕಾಯಿಲೆ ಜಾಸ್ತಿ. ಕೊತ್ತಿಯದನ್ನು ಹಿಡಿಯುವುದು ಹೇಗೆ? ಅತ್ತೆ ಕೈಯಲ್ಲಿ ತೆಂಗಿನ ಚಿಪ್ಪು ಹಿಡಿದು ಮರಳಿನ ಗುಡ್ಡೆಯ ಹಿಂದೆ ಹೊಂಚು ಹಾಕಿ ಕೂತರು. ಕೊತ್ತಿ ಅವರನ್ನೇ ದುರುಗುಟ್ಟಿ ನೋಡಿ ಎದ್ದು ಹೋಗುತ್ತಿತ್ತು. ಕೊನೆಗೂ ನಾಲ್ಕು ಹನಿ ಸಿಕ್ಕಿತು. ದ್ರಾವಣ ಕುದಿದು ಇಟ್ಟಿಗೆ ಬಣ್ಣಕ್ಕೆ ತಿರುಗಿತು.

ಕೊತ್ತಿಯನ್ನು ಬುಟ್ಟಿಯಲ್ಲಿಟ್ಟು ಬಟ್ಟೆ ಮುಚ್ಚಿ ದನದ ಆಸ್ಪತ್ರೆಗೆ ಒಯ್ದೆ. ಎತ್ತು, ಎಮ್ಮೆ ಹಿಡಿದು ನಿಂತಿದ್ದವರಲ್ಲೊಬ್ಬ, "ಏನಕ್ಕಾ, ಕೊತ್ತಿ ಹಾಲು ಕಮ್ಮಿ ಮಾಡ್ಬುಡ್ತಾ?" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಡಾಕ್ಟರು ಮಾತ್ರ ನಗಲಿಲ್ಲ. "ಬೆಕ್ಕಿಗೂ ಬರುತ್ತೆ ಅಂತ ಓದಿದ್ದೆ ಕಣಮ್ಮ, ನೋಡ್ತಿರೋದು ಇದೇ ಮೊದಲು," ಎಂದು ಒಳಗಿನಿಂದ ದಪ್ಪ ಪುಸ್ತಕ ತಂದು ಓದಿಕೊಂಡರು. ಅತ್ತೆಯ ಇನ್ಸುಲಿನ್ನನ್ನೇ ಎಷ್ಟು ಚೂರು ಕೊಡಬೇಕೆಂದು ಸಿರಿಂಜಿನ ಮೇಲೆ ಗೆರೆ ತೋರಿಸಿದರು. "ಹೊಟ್ಟೆ ತುಂಬಾ ತಿಂದ ಮೇಲೇ ಸೂಜಿ. ತಿನ್ನದಿದ್ರೆ ಬೇಡ. ಅನ್ನ, ಸಿಹಿ ನಿಲ್ಲಿಸಿ," ಅಂದರು.

ಅನ್ನ ಬೇಡ ಅಂದರೆ ನಮ್ಮ ಕಡೆ ಇನ್ನೇನು? ಮುದ್ದೆ. ಸಕ್ಕರೆ ಕಾಯಿಲೆ ಬಂದವರೆಲ್ಲ ಮುದ್ದೆಗೇ ತಿರುಗುತ್ತಿದ್ದರು, ಅತ್ತೆಯೂ ತಿರುಗಿದ್ದರು. ಬೀದಿಯವರೆಲ್ಲ ಅದನ್ನೇ ಹೇಳಿದರು. ಹಾಗಾಗಿ ಕೊತ್ತಿಗೂ ಬಿಸಿ ಮುದ್ದೆ ಕಿವುಚಿ, ಮೇಲೆ ಎರಡು ಚಮಚ ಹಾಲು ಹಾಕಿ ಇಟ್ಟೆವು. ಅದು ಮೇಲಿನ ಹಾಲು ನೆಕ್ಕಿ, ರಾಗಿಯನ್ನು ಕಾಲಿಂದ ಮುಚ್ಚುವಂತೆ ನೆಲ ಕೆರೆದು ಹೋಯಿತು. ಹಾಲು ಹೊಟ್ಟೆಗೆ ಹೋಯಿತಲ್ಲ, ಊಟವಾದಂತೆಯೇ ಎಂದುಕೊಂಡು ಸೂಜಿ ಚುಚ್ಚಿದೆವು.

ಸ್ವಲ್ಪ ಹೊತ್ತಿಗೆ ಕೊತ್ತಿ ಕುಡಿದವರ ಹಾಗೆ ತೂರಾಡುತ್ತ ಬಂದು, ಒರಳುಕಲ್ಲಿನ ಪಕ್ಕ ಬಿದ್ದುಬಿಟ್ಟಿತು. ಕಣ್ಣು ತೆರೆದೇ ಇತ್ತು, ನೋಟವಿರಲಿಲ್ಲ.

"ಬೆಲ್ಲ ತಾರೇ!" ಅತ್ತೆ ಕಿರುಚಿದರು. "ನಂಗೂ ಹಿಂಗಾಗಿತ್ತಲ್ಲ, ಉಪವಾಸದ ದಿನ ಸೂಜಿ ತಗೊಂಡು!" ಬೆಲ್ಲವನ್ನು ನೀರಲ್ಲಿ ಕಿವುಚಿ, ಅತ್ತೆ ಬೆರಳಲ್ಲಿ ಅದ್ದಿ ಅದ್ದಿ ಕೊತ್ತಿಯ ಒಸಡಿಗೆ ಸವರಿದರು. ಸವರುತ್ತಾ, "ಏಳೋ ನನ್ನಪ್ಪ, ಏಳೋ," ಎನ್ನುತ್ತಿದ್ದರು. ನಾನು ಅದರ ಹೊಟ್ಟೆ ಮೇಲೆ ಕೈಯಿಟ್ಟು ಉಸಿರು ನೋಡುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ನಾಲಿಗೆ ಹೊರಬಂದು ಅತ್ತೆಯ ಬೆರಳನ್ನು ನೆಕ್ಕಿತು.

ಈ ಸಲ ಆಸ್ಪತ್ರೆಗೆ ಅತ್ತೆಯೂ ಬಂದರು. "ಮುದ್ದೇನಾ?" ಡಾಕ್ಟರು ಹಣೆ ಮುಟ್ಟಿಕೊಂಡರು. "ತಪ್ಪು ನಂದೇ, ಬಿಡಿಸಿ ಹೇಳ್ಬೇಕಿತ್ತು. ರಾಗಿ ನಿಮಗಮ್ಮ. ಇದು ಮಾಂಸದ ಪ್ರಾಣಿ. ಮಾಂಸ, ಮೀನು, ಮೊಟ್ಟೆ ಬಿದ್ರೆ ಉಳಿಯುತ್ತೆ. ಇಲ್ಲದಿದ್ರೆ ಕಷ್ಟ."

ಲಿಂಗವಿರುವ ಮನೆಗೆ ಮೊಟ್ಟೆ ಕೂಡ ಬಂದದ್ದಿರಲಿಲ್ಲ. ಆ ಮಧ್ಯಾಹ್ನ ಅತ್ತೆ ಊಟಕ್ಕೂ ಏಳದೆ ಕೊತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದರು.

ಹಿತ್ತಿಲ ಗೋಡೆಯಾಚೆ ಕುರಿ ಸಾಕುವವರ ಮನೆ. ಆ ಮನೆಯಾಕೆ ಬಟ್ಟೆ ಹರವುತ್ತಿದ್ದವಳು ವಿಷಯ ಕೇಳಿ ಗಲ್ಲಕ್ಕೆ ಕೈಯಿಟ್ಟಳು.

"ಅಷ್ಟೇನಾ? ಇಂಗೆ ಯಾಕೆ ಕುಂತಿದ್ದೀರಿ ಅಮ್ಮಾರೆ? ನಮ್ಮ ಅಂಗಳಕ್ಕೆ ಕಳಿಸಿ. ಕೋಳಿ ಐತೆ, ಮೊಟ್ಟೆ ಐತೆ. ನಮ್ಮೆಜಮಾನ ಬಡವನಹಳ್ಳಿ ಸಂತೆಗೆ ಹೋದಾಗ ಮೀನೂ ತತ್ತಾನೆ."

"ಅದು ಮಾಂಸ ಮುಟ್ಟಲ್ಲ ಕಣಮ್ಮ, ಅಭ್ಯಾಸ ಇಲ್ಲ," ಅತ್ತೆಯ ದನಿ ಸಣ್ಣಗಿತ್ತು.

ಆಕೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ಬುಡಿ ಅಮ್ಮಾರೆ! ನಾವು ಕೋಳಿ ಸಾರು ಕಾಯ್ಸಿದ ದಿನ ನಿಮ್ಮ ಶಿವಭಕ್ತ ಈ ಗೋಡೆ ಮ್ಯಾಲೆ ಕುಂತು ಜಪ ಮಾಡ್ತಾನೆ!"

ಅತ್ತೆ ಕೊತ್ತಿಯ ಮುಖ ನೋಡಿದರು. ಕೊತ್ತಿ ಬೇರೆ ಕಡೆ ನೋಡಿತು.

ಅತ್ತೆ ಒಂದು ಏರ್ಪಾಟು ಮಾಡಿದರು. ಎಲ್ಲವೂ ಸ್ನಾನಕ್ಕೆ ಮುಂಚೆ. ಮೊದಲು ಕೊತ್ತಿಯ ಊಟ, ಸೂಜಿ; ಆಮೇಲೆ ಸ್ನಾನ, ಪೂಜೆ. ಉಪ್ಪು, ಈರುಳ್ಳಿ ಹಾಕದೆ ಬೇಯಿಸಿದ ಮಾಂಸದ ಚೂರುಗಳನ್ನು ಆಕೆ ತನ್ನ ಅಂಗಳದಲ್ಲಿ ಚಪ್ಪಡಿಯ ಮೇಲಿಡುತ್ತಿದ್ದಳು. ಬದಲಿಗೆ ನಮ್ಮ ಹಿತ್ತಿಲ ಕನಕಾಂಬರ ಗೋಡೆ ದಾಟುತ್ತಿತ್ತು.

ಮೊದಲ ದಿನ ಕುದಿಸಿದ ಸಿರಿಂಜು ಹಿಡಿದು ನಾನು ಹೋದೆ. ಅತ್ತೆ ಗೋಡೆಯೀಚೆಯೇ ನಿಂತರು. ಕೊತ್ತಿ ಗುರ್‍ರೆನ್ನುತ್ತಾ, ತಲೆಯೆತ್ತದೆ ತಿಂದು ಚಪ್ಪಡಿಯನ್ನೂ ನೆಕ್ಕಿತು. ಕತ್ತಿನ ಚರ್ಮ ಎತ್ತಿ ಹಿಡಿದೆ, ಸೂಜಿ ಹತ್ತಿರ ತಂದು ಮತ್ತೆ ಹಿಂದಕ್ಕೆಳೆದೆ. ಬಿದ್ದ ಕೊತ್ತಿಯೇ ಕಣ್ಣ ಮುಂದಿತ್ತು.

"ಹೆದರ್ಕೊಂಡು ಚುಚ್ಚಿದ್ರೆ ಅದಕ್ಕೆ ನೋವಾಗುತ್ತೆ. ಇರು," ಅಂದವರೇ ಅತ್ತೆ ಮುಂಬಾಗಿಲಿಂದ ಸುತ್ತಿಕೊಂಡು ಬಂದರು. ಅಷ್ಟು ವರ್ಷ ನೆರೆಯವರಾಗಿದ್ದೂ ಆ ಅಂಗಳಕ್ಕೆ ಅವರು ಕಾಲಿಟ್ಟಿದ್ದು ಅದೇ ಮೊದಲು. ದಿನಾ ತಮಗೆ ತಾವೇ ಚುಚ್ಚಿಕೊಳ್ಳುವ ಕೈ. ಕೊತ್ತಿಗೆ ಗೊತ್ತೇ ಆಗಲಿಲ್ಲ. ಮರುದಿನದಿಂದ ಆಕೆ ಅಮ್ಮಾರಿಗೆಂದು ಮಣೆ ಹಾಕಿಡತೊಡಗಿದಳು.

ಬೇಸಗೆ ಕಳೆಯುವ ಹೊತ್ತಿಗೆ ಬೆನ್ನಮೂಳೆ ಮುಚ್ಚಿ ಮೈ ತುಂಬಿತು. ಕೊತ್ತಿ ಹಂಡೆಯ ಬಳಿಯಿಂದ ಬಿಡಾರ ಕಿತ್ತಿತು. ಡಾಕ್ಟರು ಮದ್ದನ್ನು ಇಳಿಸುತ್ತಾ ಬಂದು, ಒಂದು ದಿನ ನಿಲ್ಲಿಸಿಯೇ ನೋಡೋಣ ಅಂದರು. ಅತ್ತೆ ಬೆಳಿಗ್ಗೆ ಎದ್ದ ತಕ್ಷಣ ಮುಖ ತೊಳೆಯುವ ಮೊದಲೇ ಮರಳು ನೋಡಲು ಹೋಗುತ್ತಿದ್ದರು. ಇರುವೆ ಇರಲಿಲ್ಲ.

ಆದರೂ ನಂಬಿಕೆ ಸಾಲದೆ, ಮತ್ತೆ ತೆಂಗಿನ ಚಿಪ್ಪು ಹಿಡಿದರು. ತಮ್ಮದನ್ನೂ ಕೊತ್ತಿಯದನ್ನೂ ಕಾಯಿಸಿ, ನಳಿಕೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕೊತ್ತಿಯದು ಅಚ್ಚ ನೀಲಿ. ಅವರದು ಹಸಿರು ದಾಟಿ ಹಳದಿ.

ನಳಿಕೆಗಳನ್ನು ಕೆಳಗಿಟ್ಟರು. ಆಮೇಲೆ ನಾನು ಅರ್ಧ ಚಮಚ ಸಕ್ಕರೆ ಹಾಕಿ ತಂದಿಟ್ಟ ಕಾಫಿಯನ್ನು ನನ್ನ ಕಡೆಗೇ ತಳ್ಳಿದರು.

"ಇನ್ಮೇಲೆ ಇದಕ್ಕೆ ಸಕ್ಕರೆ ಹಾಕ್ಬೇಡ. ನೀನು ಅತ್ತ ತಿರುಗಿದಾಗ ನಾನೂ ಹಾಕ್ಕೊಳಲ್ಲ. ಕೊತ್ತಿ ಕೈಲಿ ಸೋಲೋಕೆ ನಂಗೇನು ಬಂದಿದೆ?"